ನೇರಳೆಗೆ ತಿರುಗದ ಹಾಲು

ಬನ್ಯುಮಾಸ್, ಜಾವಾ

ಮುದ್ದು ಗಿಲಾರ್,

ನಿನಗಿನ್ನೂ ಓದಲು ಬರುವುದಿಲ್ಲ, ಕಾಗದ ಸಿಕ್ಕರೆ ಬಾಯಿಗೆ ಹಾಕಿಕೊಳ್ಳುತ್ತೀಯ. ಆದರೂ ಇದನ್ನು ಈಗಲೇ ಬರೆದಿಡುತ್ತೇನೆ. ನಿನ್ನಮ್ಮ ಈ ಕತೆ ಹೇಳಲು ಕೂತರೆ ಅರ್ಧಕ್ಕೇ ಅಳುತ್ತಾಳೆ.

ನೀನು ಹುಟ್ಟಿದ ಮೇಲೆ ನಿನ್ನಮ್ಮನಿಗೆ, ಅಂದರೆ ನನ್ನಕ್ಕ ಸುಮಿಯಾತಿಗೆ, ಜ್ವರ ಬಂದು ಎದೆಹಾಲು ಬತ್ತಿತು. ಕರ್ಸೊನೊ ಎಂಬಾತ ಹಸುವಿನ ಚಿತ್ರವಿದ್ದ ಪೊಟ್ಟಣಗಳಲ್ಲಿ ಹಾಲಿನ ಪುಡಿ ಮಾರುತ್ತಿದ್ದ. ಸಿಹಿಯಾಗಿತ್ತು, ನೀನು ಚಪ್ಪರಿಸಿ ಕುಡಿದೆ. ಆದರೆ ನಿನ್ನ ಕೂದಲು ಕೆಂಚಾಯಿತು, ಪಾದ ಊದಿತು, ಅಳುವುದಕ್ಕೂ ತ್ರಾಣ ಉಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು.

"ಮಗೂಗೆ ಪ್ರೋಟೀನೇ ಸಿಕ್ಕಿಲ್ಲ" ಎಂದರು ಡಾಕ್ಟರು.

"ಹೊಟ್ಟೆ ತುಂಬ ಹಾಲು ಕುಡೀತಾನಲ್ಲ!" ಎಂದಳು ಅಕ್ಕ.

ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಪುಡಿಯಲ್ಲೇ ಮೋಸವಿದೆ ಎಂದು ಅನುಮಾನ ಬಂತು. ಊರಿನ ಬೇರೆ ಕೂಸುಗಳೂ ಅದೇ ಪುಡಿ ಕುಡಿಯುತ್ತಿದ್ದವು! ಮಕ್ಕಳ ತೂಕ ನೋಡುವ ದಿನ ಶಾಲೆಯ ಗಾಜಿನ ನಳಿಕೆಗಳನ್ನೂ ರಾಸಾಯನಿಕಗಳನ್ನೂ ಹೊತ್ತು ಊರಿನ ಸಭಾಂಗಣಕ್ಕೆ ಹೋದೆ. ಕರ್ಸೊನೊ ಅಲ್ಲೇ ಅಂಗಡಿ ಹರಡಿದ್ದ.

"ಪ್ರೋಟೀನ್ ಅಂದ್ರೆ ಮಣಿಸರ ಇದ್ದಂಗೆ" ಎಂದೆ ತಾಯಂದಿರಿಗೆ. "ಮಣಿಗಳು ಕೈಕೈ ಹಿಡ್ಕೊಂಡು ಉದ್ದಕ್ಕೆ ನಿಲ್ತವೆ, ಆಮೇಲೆ ಸುರುಳಿ ಸುತ್ಕೊಂಡು ಮಡಚ್ಕೋತವೆ. ಮೈಲುತುತ್ತದಲ್ಲಿರೋ ತಾಮ್ರ ಆ ಹಿಡಿದ ಕೈಗಳನ್ನೇ ಹುಡುಕುತ್ತೆ. ಸಿಕ್ಕಿದ್ರೆ ನೇರಳೆ, ಇಲ್ಲಾಂದ್ರೆ ನೀಲಿ."

ಮೊಟ್ಟೆಯ ಬಿಳಿಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಮೈಲುತುತ್ತದ ಹನಿ ಬಿಟ್ಟೆ. ನೇರಳೆ! ಪುಡಿಯ ಹಾಲಿಗೂ ಹಾಗೇ ಮಾಡಿದೆ. ನೀಲಿಯಾಗಿಯೇ ಉಳಿಯಿತು.

ಕರ್ಸೊನೊ ನಕ್ಕ. "ಟೀಚರಮ್ಮ ಬಣ್ಣದಾಟ ಆಡ್ತಾವ್ರೆ! ಮೊಟ್ಟೆ ಬೇರೆ, ಹಾಲು ಬೇರೆ. ಹಾಲು ಎಲ್ಲಾದ್ರೂ ನೇರಳೆ ಆಗುತ್ತಾ?"

ಹೆಂಗಸರು ಮುಖ ಮುಖ ನೋಡಿಕೊಂಡರು. ತೋರಿಸಲು ನನ್ನಲ್ಲಿ ಬೇರೆ ಹಾಲಿರಲಿಲ್ಲ. ಆಗ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಸಾತೆ ಮಾರುವ ತರ್ಮಿಯಕ್ಕ ಸೊಂಟದ ಕೂಸನ್ನು ನನ್ನ ಕೈಗಿತ್ತು, "ಹಾಲು ತಾನೆ ಬೇಕು? ತಡಿ" ಎನ್ನುತ್ತ ನಳಿಕೆ ಕಸಿದುಕೊಂಡು ಪರದೆಯ ಹಿಂದೆ ಹೋದಳು. ಬರುವಾಗ ನಳಿಕೆಯಲ್ಲಿ ಅವಳದೇ ಹಾಲಿತ್ತು. ಅದಕ್ಕೂ ಸೋಡಾದ ನೀರು ಬೆರೆಸಿದೆ.

ಹನಿ ಬಿಟ್ಟೆ. ಎಲ್ಲರೂ ನಳಿಕೆಯತ್ತ ಬಗ್ಗಿದರು. ಬಿಳಿಯೊಳಗಿಂದ ತೆಳುವಾಗಿ, ಆದರೆ ನಿಚ್ಚಳವಾಗಿ, ನೇರಳೆ ಮೂಡಿತು.

"ನೋಡೋ ಕರ್ಸೊನೊ!" ತರ್ಮಿಯಕ್ಕ ನಳಿಕೆ ಎತ್ತಿ ಹಿಡಿದಳು. "ಹಾಲು ಅಂದ್ರೆ ಇದು! ನಿನ್ನ ಪೊಟ್ಟಣದಲ್ಲಿರೋದೇನು, ಹೇಳು!"

ಪಿಷ್ಟವಿದ್ದರೆ ಕಪ್ಪಾಗಿಸುವ ಅಯೋಡಿನ್ ಹನಿಸಿದೆ. ಅವನ ಪುಡಿ ಕಪ್ಪಗಾಯಿತು: ಅದರಲ್ಲಿದ್ದದ್ದು ಬರೀ ಸಿಹಿ ಬೆರೆಸಿದ ಪಿಷ್ಟ. ಸಭಾಂಗಣ ಕೂಗಿನಿಂದ ನಡುಗಿತು. ಓಡಹೊರಟವನ ದಾರಿಗೆ ಹೆಂಗಸರೇ ಗೋಡೆಯಂತೆ ನಿಂತರು. ಊರಿನ ಮುಖ್ಯಸ್ಥ ಪೊಲೀಸರನ್ನು ಕರೆಸಿದ, ಅವನೊಂದಿಗೆ ಪೊಟ್ಟಣಗಳೆಲ್ಲ ಜೀಪು ಹತ್ತಿದವು. ಮತ್ತೆ ಯಾವ ಕೂಸೂ ಆ ಪುಡಿ ಕುಡಿಯಲಿಲ್ಲ.

ಆಸ್ಪತ್ರೆಯ ಹಾಲಿನಿಂದ ನೀನು ಮೆಲ್ಲಗೆ ಚೇತರಿಸಿಕೊಂಡೆ. ಒಂದು ಬೆಳಿಗ್ಗೆ ವಾರ್ಡೆಲ್ಲ ಎದ್ದು ಕೂರುವಂತೆ ಕಿರುಚಿ ಅತ್ತೆ. "ಏನ್ರೀ ಇದು, ಸುಮ್ಮನಿರಿಸ್ರೀ!" ಎಂದು ನರ್ಸು ಗದರಿದರೆ ಅಕ್ಕ, "ಅಳಲಿ ಬಿಡಿ ಸಿಸ್ಟರ್, ಚೆನ್ನಾಗಿ ಅಳಲಿ!" ಎಂದು ನಗುತ್ತ ಕುಣಿದಳು. ಈಗ ನನ್ನ ತಟ್ಟೆಯ ಸೋಯಾಕಾಳಿನ ತೆಂಪೆಗೇ ಕೈಹಾಕುತ್ತೀಯ, ಕಳ್ಳಾ!

ನಿನ್ನ ಮೂಳೆ ಗಟ್ಟಿಯಾಗಲಿ, ಗಂಟಲು ಅದಕ್ಕಿಂತ ಗಟ್ಟಿಯಾಗಲಿ. ನೂರು ವರ್ಷ ಗಲಾಟೆ ಮಾಡುತ್ತ ಬಾಳು.

ನಿನ್ನ ಚಿಕ್ಕಮ್ಮ,
ವೆನಿಂಗ್