ಹಿಂದೆ ಖಾಲಿ ಎಂದವನು

ಸಿಯಾಟಲ್
ಗುರುವಾರ, ಏಪ್ರಿಲ್ 24, ಮಧ್ಯಾಹ್ನ

ನನ್ನ ಆರ್ಡಿಸ್‌ಗೆ,

ಹೇಗಿದ್ದೀಯ? ನಿನ್ನ ಅಕ್ಕನ ಸೊಂಟದ ಹೊಲಿಗೆ ಬಿಚ್ಚಿದರೇ? ಇನೆಜ್ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಾಳೆ ಎಂದು ಭಾನುವಾರ ಹೇಳಿದೆಯಲ್ಲ, ಕೇಳಿ ಸಮಾಧಾನವಾಯಿತು. ಅವಳನ್ನು ಎತ್ತಿ ಕೂರಿಸುವಾಗ ನಿನ್ನ ಬೆನ್ನು ನೋಡಿಕೋ. ನಿನಗೂ ಎಪ್ಪತ್ತೊಂದಾಯಿತು, ಅಕ್ಕನೂರು ಯಾಕಿಮಾಗೆ ಹೋದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಇಲ್ಲಿ ನನ್ನ ಊಟಕ್ಕೇನೂ ತೊಂದರೆಯಿಲ್ಲ. ನೀನು ಫ್ರೀಜರಿನಲ್ಲಿ ಇಟ್ಟುಹೋದ ಕೋಳಿ ಅನ್ನದ ಡಬ್ಬಿಗಳಲ್ಲಿ ಇನ್ನೂ ಆರು ಉಳಿದಿವೆ. ಎರಡು ದಿನದಿಂದ ಒಂದನ್ನೂ ಹೊರಗೆ ತೆಗೆದಿಲ್ಲ, ಅದಕ್ಕೇ ಉಳಿದಿವೆ.

ಫೋನು ಮಾಡದೆ ಇವನೇನು ಕಾಗದ ಬರೆಯುತ್ತಾನೆ ಎಂದುಕೊಳ್ಳುತ್ತಿದ್ದೀಯ. ಫೋನಿನಲ್ಲಿ ನನ್ನ ದನಿ ಕೇಳಿದ ತಕ್ಷಣ ನೀನು ಏನಾಯ್ತು ಅನ್ನುತ್ತೀಯ, ನಾನು ಏನಿಲ್ಲ ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಐವತ್ತು ವರ್ಷದಿಂದ ಹಾಗೇ ನಡೆದುಬಂದಿದೆ. ಕಾಗದದ ಮೇಲೆ ಸುಳ್ಳು ಬರೆಯುವುದು ಸ್ವಲ್ಪ ಕಷ್ಟ. ನನಗೆ ಭಯವಾಗಿದೆ ಆರ್ಡಿಸ್. ಗ್ಯಾರೇಜಿನ ಬಾಗಿಲು ಸದ್ದು ಮಾಡಿದರೂ ಎದ್ದುಹೋಗಿ ಕಿಟಕಿಯಲ್ಲಿ ಇಣುಕುತ್ತೇನೆ. ಫೋನು ಬಡಿದುಕೊಂಡರೆ ಅದು ನಿಲ್ಲುವವರೆಗೂ ಅಡುಗೆಮನೆಯಲ್ಲೇ ನಿಂತಿರುತ್ತೇನೆ.

ಮಂಗಳವಾರ ಬೆಳಿಗ್ಗೆ ಗ್ರೀನ್ ಲೇಕಿಗೆ ಎಂದಿನಂತೆ ಮೂವರೂ ಹೋಗಿದ್ದೆವು, ನಾನು, ಮಿನೋರು, ಡೆಲ್ಫಿನ್. ಹಿಂದಿನ ವಾರವಷ್ಟೇ ಲಾರಿಯಲ್ಲಿ ತಂದ ಟ್ರೌಟ್ ಮೀನುಗಳನ್ನು ಕೆರೆಗೆ ಬಿಟ್ಟಿದ್ದರು. ಬಿಸಿಲೂ ಬಂದಿತ್ತು. ಇಷ್ಟಾದರೆ ಊರಿಗೆ ಊರೇ ಕೆರೆಯ ಸುತ್ತ ಇರುತ್ತದೆ ಎಂದು ನಿನಗೆ ಗೊತ್ತು. ಓಡುವವರು, ನಾಯಿಗಳು, ಮಗುವಿನ ಗಾಡಿ ತಳ್ಳುವವರು, ಚಕ್ರದ ಬೂಟಿನವರು. ನಮ್ಮದು ಹುಳುವಿನ ಗಾಳ. ಕೊಕ್ಕೆಗೆ ಗರಿ, ದಾರ ಸುತ್ತಿ ಕಟ್ಟಿದ ನಕಲಿ ಹುಳುವಿಗೆ ತೂಕವೆಂಬುದೇ ಇಲ್ಲ, ದಾರವನ್ನೇ ಬೀಸಿ ಅದನ್ನು ಹಾರಿಸಬೇಕು. ನೀರಿನ ಮೇಲೆ ಎಷ್ಟು ದೂರ ಹೋಗಬೇಕೋ ಬೆನ್ನ ಹಿಂದೆಯೂ ಅಷ್ಟೇ ದೂರ ಹೋಗಬೇಕು, ಮತ್ತು ನಮ್ಮ ಬೆನ್ನ ಹಿಂದೆ ಇರುವುದು ಆ ಕಾಲುದಾರಿ. ಅದಕ್ಕೇ ನಮ್ಮಲ್ಲಿ ಸರದಿ. ಒಬ್ಬರು ದಾರಿಯ ಅಂಚಿನಲ್ಲಿ ಕಾವಲು ನಿಲ್ಲುತ್ತಾರೆ. ಎಡಕ್ಕೆ ಬಲಕ್ಕೆ ನೋಡಿ ‘ಹಿಂದೆ ಖಾಲಿ’ ಅಂದರೆ ಬೀಸಬಹುದು, ‘ತಡಿ’ ಅಂದರೆ ಬೀಸುವಂತಿಲ್ಲ. ಖಾಲಿ ಎಂದು ಕೂಗಿದ ಮೇಲೆ ಬೀಸುವವನು ತಿರುಗಿ ನೋಡಬಾರದು. ನೋಡಿದರೆ ಕಾವಲಿನವನ ಮುಖಕ್ಕೆ ಹೊಡೆದ ಹಾಗೆ. ಹನ್ನೆರಡು ವರ್ಷದಲ್ಲಿ ನಮ್ಮಲ್ಲಿ ಯಾರೂ ತಿರುಗಿ ನೋಡಿಲ್ಲ.

ಆವತ್ತು ನನ್ನ ಸರದಿ. ಬೆಳಿಗ್ಗೆಯಿಂದ ನನಗೊಂದು ಮೀನೂ ಸಿಕ್ಕಿರಲಿಲ್ಲ. ಡೆಲ್ಫಿನ್ ಬಿಡುತ್ತಾಳೆಯೇ? ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಬಾಯಿ ಅದು. “ಲೋವೆಲ್, ಮೀನು ಹಿಡಿಯೋದು ನಿನ್ನ ಕೈಲಾಗಲ್ಲ, ಬಿಡು. ಹೋಗಿ ಕಾವಲಾದ್ರೂ ನೆಟ್ಟಗೆ ಕಾಯಿ,” ಅಂದಳು. ಮಿನೋರು ನಕ್ಕ. ನಾನೂ ನಕ್ಕು ದಾರಿಗೆ ಹೋಗಿ ನಿಂತೆ. ಮಿನೋರು ದಡದಲ್ಲಿ ಗಾಳದ ಕೋಲು ಎತ್ತಿ ಹಿಡಿದು ಕಾಯುತ್ತಿದ್ದ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, “ಹಿಂದೆ ಖಾಲಿ” ಅಂದೆ. ಅವನು ಬೀಸಿದ. ಮರುಕ್ಷಣ ನನ್ನ ಎಡಗಡೆ, ಎರಡು ಮಾರು ದೂರವೂ ಇಲ್ಲ, ಯಾರೋ ಚೀರಿದರು.

ಓಡುತ್ತಿದ್ದ ಒಬ್ಬ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಮ್ಯಾಲರಿ ಎಂದು ಹೆಸರು. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಕೊಕ್ಕೆ ಅವಳ ಎಡಗಣ್ಣಿನ ಮೇಲ್ರೆಪ್ಪೆಗೆ ನಾಟಿತ್ತು. ದಾರ ಇನ್ನೂ ಮಿನೋರುವಿನ ಕೋಲಿಗೇ ಇತ್ತು, ಅವನು ಗೊತ್ತಿಲ್ಲದೆ ಮುಂದಕ್ಕೆ ಎಳೆದಿದ್ದರೆ ಏನಾಗುತ್ತಿತ್ತೋ ನಾನು ಯೋಚಿಸಲಾರೆ. ಚೀರಿದ್ದು ಕೇಳಿ ಅವನು ಕೋಲನ್ನು ಹಾಗೇ ಕೈಬಿಟ್ಟ. ಡೆಲ್ಫಿನ್ ಓಡಿಬಂದು ದಾರ ಕತ್ತರಿಸಿದಳು. ಕೊಕ್ಕೆಗೆ ಯಾರೂ ಕೈಹಚ್ಚಬೇಡಿ ಎಂದು ಗದರಿ, ಕಾಫಿ ಚೆಲ್ಲಿ ಆ ಕಾಗದದ ಲೋಟವನ್ನೇ ಕಣ್ಣಿನ ಮೇಲೆ ಬೋರಲು ಹಾಕಿದಳು. ಆಂಬುಲೆನ್ಸ್ ಬರುವವರೆಗೂ ಆ ಲೋಟವನ್ನು ಒತ್ತದಂತೆ ಹಿಡಿದು ಕೂತವನು ನಾನು. ಹುಡುಗಿ ನನ್ನ ಇನ್ನೊಂದು ಕೈ ಹಿಡಿದುಕೊಂಡಿದ್ದಳು. ಅಂಥ ಬಿಗಿ ಹಿಡಿತವನ್ನು ನಾನು ಕಂಡಿಲ್ಲ. “ಕಣ್ಣು ಹೋಯ್ತಾ ಅಜ್ಜ? ಹೋಯ್ತಾ ಹೇಳಿ,” ಎಂದು ಕೇಳುತ್ತಲೇ ಇದ್ದಳು. ಇಲ್ಲಮ್ಮಾ, ಇಲ್ಲ ಎಂದೆ. ನನಗೇನು ಗೊತ್ತಿತ್ತು?

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಾನು ಎಡಕ್ಕೆ ನೋಡಿದ್ದು ನಿಜ. ನನಗೆ ಅಲ್ಲಿ ಏನೂ ಕಾಣಲಿಲ್ಲ, ಅದಕ್ಕೇ ಖಾಲಿ ಅಂದೆ. ಎಡಗಣ್ಣಿನ ಹೊರಬದಿ ಕ್ರಿಸ್‌ಮಸ್ಸಿಗೂ ಮೊದಲೇ ಮಂಕಾಗಿತ್ತು. ಈಗ ಅಲ್ಲಿ ಮಂಕೂ ಇಲ್ಲ, ಏನೂ ಇಲ್ಲ. ಬಾಗಿಲಿಗೆ ಭುಜ ತಾಗಿಸಿಕೊಂಡಾಗ ಬಾಗಿಲನ್ನು ಬಯ್ದೆ. ಕಾಫಿ ಲೋಟದ ಪಕ್ಕ ಸುರಿದಾಗ ನೀನು ನಕ್ಕೆ, ನಾನೂ ನಕ್ಕೆ. ನೀನು ಹೊರಡುವ ಮುಂಚೆ ಗೊತ್ತು ಮಾಡಿದ್ದೆಯಲ್ಲ ಕಣ್ಣಿನ ಡಾಕ್ಟರು, ಅವರಲ್ಲಿಗೆ ಹೋಗಿಬಂದೆ, ವಯಸ್ಸಿಗೆ ತಕ್ಕ ಹಾಗಿದೆ ಅಂದರು ಎಂದು ಹೇಳಿದ್ದೆ. ನಾನು ಹೋಗಲೇ ಇಲ್ಲ. ಬಸ್ ಸ್ಟಾಪಿನವರೆಗೆ ಹೋಗಿ ವಾಪಸ್ ಬಂದೆ. ಡಾಕ್ಟರ ಬಾಯಿಂದ ಆ ಮಾತು ಬರುವವರೆಗೆ ಅದು ನಿಜವಲ್ಲ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಹುಳು ಕಟ್ಟುವುದು, ಗಂಟು ಹಾಕುವುದು, ಇವನ್ನೆಲ್ಲ ಕೈಯೇ ಮಾಡುತ್ತದೆ, ಕಣ್ಣು ಬೇಕಿಲ್ಲ. ಕಾವಲಿಗೆ ಕಣ್ಣು ಬೇಕು ಎಂಬಷ್ಟು ಬುದ್ಧಿ ನನಗೆ ಹೊಳೆಯಲಿಲ್ಲ. ಹೊಳೆದಿತ್ತು ಎಂದರೇ ಸರಿ. ಹೇಳಲು ನಾಚಿಕೆಯಾಯಿತು. ಮಂಗಳವಾರದಿಂದ ಕಾರನ್ನು ಹೊರಗೆ ತೆಗೆದಿಲ್ಲ. ಅದಕ್ಕೂ ಮೊದಲಿನ ನಾಲ್ಕು ತಿಂಗಳು ಇದೇ ಕಣ್ಣಿನಲ್ಲಿ ಓಡಿಸುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಹುಡುಗಿಯ ತಾಯಿ ಕೆಲಸದಿಂದ ನೇರ ಓಡಿಬಂದಿದ್ದರು. ಮಿನೋರು ಎದ್ದು ನಿಂತು ತಲೆ ತಗ್ಗಿಸಿ, “ಗಾಳ ನನ್ನದು. ತಪ್ಪು ನನ್ನದು,” ಅಂದ. “ಹಿಂದೆ ಜನ ಇದ್ದಾರಾ ಅಂತ ಒಂದ್ಸಲ ತಿರುಗಿ ನೋಡೋಕಾಗಲಿಲ್ವಾ ನಿಮಗೆ?” ಎಂದು ಆಕೆ ಕೇಳಿದರು. “ನೋಡಬೇಕಿತ್ತಮ್ಮ,” ಅಂದ. ಕಾವಲು, ಸರದಿ, ಖಾಲಿ, ಒಂದನ್ನೂ ಎತ್ತಲಿಲ್ಲ. ನಾನು ಅಲ್ಲೇ, ಅವನ ಪಕ್ಕದಲ್ಲೇ ನಿಂತಿದ್ದೆ. ನನ್ನ ಬಾಯಿಗೆ ಬೀಗ ಬಿದ್ದಿತ್ತು. ಆಮೇಲೆ ಆ ತಾಯಿ ನನ್ನ ಕಡೆ ತಿರುಗಿ, “ನೀವು ಅವಳ ಕೈ ಹಿಡ್ಕೊಂಡಿದ್ರಂತೆ. ನೀವಿದ್ದಿದ್ದು ಪುಣ್ಯ,” ಅಂದರು. ನಾನು ಅದಕ್ಕೂ ತಲೆಯಾಡಿಸಿದೆ.

ಮಿನೋರು ತನ್ನ ಪ್ರತಿ ಕೊಕ್ಕೆಯ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಅಂಗಿಯ ತೋಳಿಗೆ ಚುಚ್ಚಿ, ಸಲೀಸಾಗಿ ಬಿಡುತ್ತದೆಯೇ ಎಂದು ನೋಡಿಯೇ ನೀರಿಗೆ ಹಾಕುವವನು. ಅದರಿಂದಲೇ ಕೊಕ್ಕೆ ರೆಪ್ಪೆಯನ್ನು ಹರಿಯದೆ ಹೊರಬಂತಂತೆ. ಆದರೆ ತುದಿ ರೆಪ್ಪೆ ದಾಟಿ ಕರಿಗುಡ್ಡೆಯ ಮೇಲಿನ ಪೊರೆಯನ್ನು ಗೀರಿದೆ. ಪಟ್ಟಿ ಕಟ್ಟಿದ್ದಾರೆ. ಸೋಮವಾರ ಮಧ್ಯಾಹ್ನ ಬಿಚ್ಚಿ ನೋಡುತ್ತಾರೆ, ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಆಗಲೇ ಗೊತ್ತಾಗುವುದು. ನಿನ್ನೆ ಡೆಲ್ಫಿನ್ ಬಂದಿದ್ದಳು. ಮಿನೋರು ತನ್ನ ಕೋಲು, ಹುಳುವಿನ ಡಬ್ಬಿ ಎಲ್ಲವನ್ನೂ ಅವಳ ಮನೆಬಾಗಿಲಲ್ಲಿ ಇಟ್ಟು, ಇನ್ನು ಮುಟ್ಟಲ್ಲ ಎಂದು ಹೋದನಂತೆ. ಅವಳು ಬಂದು ಸುಮ್ಮನೆ ಕೂತಿದ್ದಳು, ಒಂದು ಕುಹಕದ ಮಾತಿಲ್ಲ. ಡೆಲ್ಫಿನ್ ಸುಮ್ಮನಿದ್ದರೆ ಮನೆಯೇ ಬಿಕೋ ಅನ್ನುತ್ತದೆ. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಹುಡುಗಿ ಹುಲ್ಲಿನ ಕಡೆಯಿಂದ ತಟಕ್ಕಂತ ನುಗ್ಗಿದ್ಳಾ?” ಎಂದು ಕೇಳಿದಳು. ಹೌದು ಎಂದೆ. ಅದೂ ಸುಳ್ಳು. ಆ ಹುಡುಗಿ ದಾರಿಯ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಅರಿಸಿನ ಬಣ್ಣದ ಅಂಗಿ ಹಾಕಿಕೊಂಡು ಬಂದಿದ್ದಳು.

ನನಗೆ ಏನೇನು ಭಯ ಎಂದರೆ, ಅವಳ ಕಣ್ಣು ಹೋಗಿಬಿಟ್ಟರೆ ಎಂಬುದು ಮೊದಲನೆಯದು. ನನ್ನದೂ ಪೂರ್ತಿ ಹೋಗುತ್ತದೆಯೇನೋ ಎಂಬುದು ಅದರ ಹಿಂದೆಯೇ ಇದೆ, ಅವಳದರ ಜೊತೆ ನನ್ನದನ್ನು ಸೇರಿಸಿ ಯೋಚಿಸುತ್ತೇನಲ್ಲ ಎಂದು ಅಸಹ್ಯವೂ ಆಗುತ್ತದೆ. ಇವೆರಡಕ್ಕಿಂತ ಹೆಚ್ಚಾಗಿ, ಸತ್ಯ ಹೇಳಿದರೆ ಮಿನೋರು ನನ್ನ ಮುಖ ನೋಡುವುದಿಲ್ಲ ಎಂಬ ಭಯ. ನೀನಿದ್ದಿದ್ದರೆ ಈಗಾಗಲೇ ನನ್ನ ಕೋಟು ತಂದು ಕೈಗೆ ಕೊಟ್ಟು, “ನಡಿ, ಹೇಳಿ ಬಾ,” ಎನ್ನುತ್ತಿದ್ದೆ.

ಇನೆಜ್‌ಗೆ ನಾನು ಕೇಳಿದೆನೆಂದು ಹೇಳು. ಬೇಗ ಓಡಾಡುವಂತಾಗಲಿ. ನೀನು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗು.

ನಿನ್ನವನೇ,
ಲೋವೆಲ್

ಮತ್ತೆ: ಅಂಚೆಯವನು ಬರಲು ಹತ್ತೇ ನಿಮಿಷವಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸಹಿ ಹಾಕಿದ ಮೇಲೆ ಕೂರಲಾಗಲಿಲ್ಲ. ಮಿನೋರು ಮನೆಗೆ ನಡೆದುಹೋಗಿ ಎಲ್ಲ ಹೇಳಿಬಂದೆ. ಅವನು ಅಕ್ಕಿ ತೊಳೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ. “ನಿನಗೆ ಎಡಗಡೆ ಕಾಣಲ್ಲ ಅಂತ ನನಗೆ ಜನವರಿಯಿಂದಲೇ ಗೊತ್ತು ಲೋವೆಲ್,” ಅಂದ. “ಆವತ್ತು ತಿರುಗಿ ನೋಡೋಣ ಅಂತ ಕತ್ತಿನವರೆಗೂ ಬಂದಿತ್ತು. ನೋಡಿದ್ರೆ ಡೆಲ್ಫಿನ್ ಎದುರಿಗೆ ನಿನ್ನ ಮಾನ ಹೋಗುತ್ತೆ ಅಂತ ಬಿಟ್ಟೆ.” ಆರ್ಡಿಸ್, ನಾವಿಬ್ಬರು ಮುದುಕರು ಒಬ್ಬರ ಮಾನ ಒಬ್ಬರು ಕಾಯುತ್ತಾ ನಿಂತೆವು, ಆ ಹುಡುಗಿಯ ಕಣ್ಣನ್ನು ಯಾರೂ ಕಾಯಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಹೇಳಿದರೆ ಅದು ಹೇಳಿದ ಹಾಗಲ್ಲ, ಸೋಮವಾರ ಬೆಳಿಗ್ಗೆಯೇ ಅವಳ ಮನೆಗೆ ಹೋಗಿ ಇಬ್ಬರೂ ಹೇಳಬೇಕು ಅನ್ನುತ್ತಾನೆ ಮಿನೋರು. ಹೂಂ ಎಂದು ಬಂದಿದ್ದೇನೆ. ಇದು ಶನಿವಾರ ನಿನ್ನ ಕೈಸೇರಿದರೆ ಭಾನುವಾರದ ಬಸ್ಸಿಗೆ ಬಂದುಬಿಡು.