ಹೊಳೆ ದಾಟದ ದಿನ

ಜುಲೈ ೧೪, ಸೋಮವಾರ

ನರ್ಸ್ ಆದ ನಾನು ಕಾಡಿನ ಹಾಡಿಯ ಮಾರಪ್ಪನ್ ತಾತನ ಮೇಲೆ ಹಾಗೆ ಕೂಗಾಡಬಾರದಿತ್ತು. ಬೆಳಿಗ್ಗೆ ಅವರ ಸೊಸೆ ತೆನ್ಮೊಳಿಗೆ ಹೆರಿಗೆ ನೋವು ಶುರುವಾದಾಗ, ಉಡುಮಲೈ ಪಟ್ಟಣದಿಂದ ಬಂದ ಆಂಬುಲೆನ್ಸ್ ಹೊಳೆಯ ಆಚೆ ದಡದಲ್ಲಿ ನಿಂತಿತ್ತು. ಬಿದಿರಿಗೆ ಸೀರೆಯನ್ನು ಜೋಲಿಯಂತೆ ಕಟ್ಟಿ ಅವಳನ್ನು ಹೊತ್ತು ದಾಟಿಸಿ ಎಂದೆ.

ತಾತ ನೀರನ್ನೇ ನೋಡುತ್ತ, "ಬೇಡಮ್ಮಾ ಸಿಸ್ಟರ್, ಮೇಲೆ ಕಾಡಲ್ಲಿ ಮಳೆ ಜಾಸ್ತಿ. ನೀರಿನ ಬಣ್ಣ ಸರಿಯಿಲ್ಲ, ಹೊಳೆ ಉಕ್ಕುತ್ತೆ" ಎಂದರು.

"ಅವಳಿಗೇನಾದರೂ ಆದರೆ ನೀವೇ ಹೊಣೆ!" ಎಂದೆ. ಅವರು ಒಲೆ ಹೊತ್ತಿಸಿ ನೀರು ಕಾಯಿಸಲು ಇಟ್ಟರು.

ಸ್ವಲ್ಪ ಹೊತ್ತಿಗೆ ಹೊಳೆ ಉಕ್ಕಿ, ನಾವು ದಾಟಬೇಕಿದ್ದ ಜಾಗದಲ್ಲೇ ದೊಡ್ಡ ಮರವೊಂದು ಬೇರುಸಮೇತ ಉರುಳಿಕೊಂಡು ಹೋಯಿತು. ಮಧ್ಯಾಹ್ನ ಗುಡಿಸಲಲ್ಲೇ ನನ್ನ ಕೈಗೆ ಹೆಣ್ಣು ಮಗು ಬಂತು. ತಾಯಿ, ಮಗು ಚೆನ್ನಾಗಿದ್ದಾರೆ.

ಸಂಜೆ ಕ್ಷಮೆ ಕೇಳಿದೆ. "ನಮ್ಮ ಹುಡುಗಿಗೋಸ್ಕರ ತಾನೇ ಕೂಗಿದ್ದು? ಮೊದಲು ಊಟ ಮಾಡಿ" ಎಂದು ತಾತ ಗಂಜಿ ಬಡಿಸಿದರು. ತಲೆಯೆತ್ತದೆ ಉಂಡೆ.