ಹಳೆಯ ತಿರುವಿನ ನೀರು

ಜೂನ್ ೧೪, ಬುಧವಾರ

ನಿಂತ ನೀರು ಹರಿಯಬಾರದು. ನದಿ ಈ ತಿರುವನ್ನು ಬಿಟ್ಟು ಬೇರೆ ದಾರಿ ಹಿಡಿದದ್ದು ಅಜ್ಜನ ಕಾಲದಲ್ಲಿ; ಇಲ್ಲಿ ಉಳಿದದ್ದು ಕೆರೆಯಂಥ ನಿಂತ ನೀರು. ಈಗಿದು ಹಕ್ಕಿಗಳ ರಕ್ಷಿತ ತಾಣ. ಇಂದು ಸಂಜೆ ತೇಲುವ ಪಾಚಿಯೆಲ್ಲ ಒಂದೇ ಕಡೆಗೆ ಸಾಗುತ್ತಿತ್ತು.

ಮರಿ ಮಾಡುವ ಕಾಲದಲ್ಲಿ ಕಾವಲುಗಾರನನ್ನು ನಡುಗಡ್ಡೆಯಲ್ಲಿ ಇಳಿಸಿ ದೋಣಿಯನ್ನು ಈ ದಡಕ್ಕೆ ತಂದುಬಿಡುತ್ತೇವೆ. ದೋಣಿ ಇದ್ದು ಅವನು ಅದರಲ್ಲಿ ಸುಮ್ಮನೆ ಓಡಾಡಿದರೂ ಹಕ್ಕಿಗಳು ಬೆದರುತ್ತವೆ. ಇವತ್ತು ಅಣ್ಣನ ಸರದಿ.

"ಅಣ್ಣಾ, ನೀರು ಹರೀತಿದೆ. ದೋಣಿ ಇಲ್ಲೇ ಇರ್ಲಿ, ನಾನೂ ಇರ್ತೀನಿ."

"ಗಾಳಿ ಕಣೇ ಅದು, ಪುಕ್ಕಲಿ! ಹೋಗಿ ಅಮ್ಮನ ಪಕ್ಕ ಮಲ್ಕೋ."

ಗಾಳಿ ಇರಲಿಲ್ಲ. ಆದರೂ ಅವನನ್ನು ನಡುಗಡ್ಡೆಯಲ್ಲೇ ಬಿಟ್ಟು ಹುಟ್ಟು ಹಾಕಿಕೊಂಡು ಬಂದುಬಿಟ್ಟೆ.

ಈಗ ಕೊಕ್ಕರೆಗಳು ಕತ್ತಲಲ್ಲಿ ಮನೆಯ ಮೇಲೆ ಸುತ್ತುತ್ತಿವೆ. ಮೊಟ್ಟೆ ಬಿಟ್ಟು ಅವು ರಾತ್ರಿ ಏಳುವುದಿಲ್ಲ. ನದಿ ಹಳೆಯ ದಾರಿಗೆ ಮರಳಿ ನಡುಗಡ್ಡೆಗೆ ನೀರು ಏರುತ್ತಿರಬೇಕು. ಅಣ್ಣನಿಗೆ ಈಜು ಬರುವುದಿಲ್ಲ. ಕೆಲಸ ಹೋದೀತೆಂದು ಅದನ್ನು ನನಗೊಬ್ಬಳಿಗೇ ಹೇಳಿದ್ದಾನೆ. ಅಮ್ಮನನ್ನು ಎಬ್ಬಿಸಿದರೆ ತಡೆಯುತ್ತಾಳೆ. ನಾನೇ ದೋಣಿ ಬಿಚ್ಚಿಕೊಂಡು ಅವನನ್ನು ಕರೆತರಲು ಹೊರಟೆ.